ಹೆತ್ತವಳಿಗೆ ಮಾತ್ರ ಕೇಳಿಸದ್ದು

ನಮ್ಮೂರಲ್ಲಿ ಕೂಸುಗಳ ಮನಸ್ಸಲ್ಲಿ ಇರೋದು ಎಲ್ಲರಿಗೂ ಕೇಳಿಸುತ್ತೆ, ಹೆತ್ತವಳೊಬ್ಬಳನ್ನು ಬಿಟ್ಟು. ಕೂಸು ಮೊದಲ ಮಾತು ಆಡೋವರೆಗೆ ಹೀಗೆ. ಆಮೇಲೆ ನಿಂತುಹೋಗುತ್ತೆ, ಅದೂ ನಮ್ಮ ಹಾಗೆ ಮನಸ್ಸಲ್ಲೊಂದು ಬಾಯಲ್ಲೊಂದು ಇಟ್ಟುಕೊಂಡು ಬಾಳೋದು ಕಲಿಯುತ್ತೆ. ಗಂಡಸರಿಗೂ ಕೇಳಿಸುತ್ತೆ, ಇಲ್ಲ ಅನ್ನೋ ಹಾಗಿಲ್ಲ. ಆದರೆ ಕೂಸಿನ ಮನಸ್ಸು 'ಒದ್ದೆ' ಅಂದ ಕೂಡಲೇ ನಮ್ಮೂರ ಗಂಡಸರಿಗೆ ಪೇಟೆ ಬೀದೀಲಿ ಏನೋ ತುರ್ತು ಕೆಲಸ ನೆನಪಾಗಿಬಿಡುತ್ತೆ.

ಅದಕ್ಕೇ ನಮ್ಮಲ್ಲಿ ಹೇಳಿಕೆ ಅಂತ ಒಂದು ಪದ್ಧತಿ. ಕೈಗೂಸಿರೋ ಮನೆಗೆ ಅಕ್ಕಪಕ್ಕದವರು ಹೋಗಿ, ನಿನ್ನ ಕೂಸು ಹೀಗಂತಿದೆ ಕಣಮ್ಮ ಅಂತ ಹೇಳಬೇಕು. ತಾಯಿ ಅದನ್ನ ಕೇಳಿ ಅದರಂತೆ ನಡೀಬೇಕು. ಹೇಳಿದವರಿಗೆ ಕಾಫಿ, ಕೋಡುಬಳೆ ಕೊಟ್ಟು ಕಳಿಸಬೇಕು. ತಾಯಿಯಾದವಳು ತಾನೇ ಊಹೆ ಮಾಡಬಾರದು, ಅದು ಅಧಿಕಪ್ರಸಂಗ. ನಮ್ಮೂರ ತಾಯಂದಿರನ್ನ ನೀವೊಂದು ಸಲ ನೋಡಬೇಕು ಕಣ್ರೀ. ಜಗಲಿ ಮೇಲೆ ಕೂತಿರ್ತಾರೆ, ತೊಡೆ ಮೇಲೆ ಕೂಸು, ಕತ್ತು ಮಾತ್ರ ಬೀದಿ ಕಡೆ. ಯಾರಾದರೂ ಬಂದು ಹೇಳ್ತಾರಾ ಅಂತ ಕಾದೂ ಕಾದೂ ಕತ್ತು ಹಿಡಿದುಕೊಂಡವರೇ ಜಾಸ್ತಿ. ನಮ್ಮ ನಾಟಿ ವೈದ್ಯರ ಮನೆ ಮೇಲೆ ಮಹಡಿ ಎದ್ದಿದ್ದು ಆ ಕತ್ತುಗಳಿಂದಲೇ.

ಅಲ್ಲ, ಕೂಸು ಅಂದುಕೊಳ್ಳೋದಾದರೂ ಏನು ಮಹಾ? 'ಬೆಳಕು.' ಸ್ವಲ್ಪ ಹೊತ್ತು ಬಿಟ್ಟು, 'ಬೆಳಕು ಹೋಯ್ತು.' ಇಷ್ಟೇ. ಇಷ್ಟು ಹೇಳಿದರೆ ಯಾರು ಕೋಡುಬಳೆ ಕೊಡ್ತಾರೆ? ಹಾಗಾಗಿ ಹೇಳೋರು ಒಂದಿಷ್ಟು ಒಗ್ಗರಣೆ ಹಾಕ್ತಾರೆ. 'ನಿನ್ನ ಕೂಸು ಸೋದರತ್ತೆ ಮನೇಲಿ ಸಂಬಂಧ ಬೇಡ ಅಂತಿದೆ.' 'ನಿನ್ನ ಮಗ ವಕೀಲಿ ಓದ್ತೀನಿ ಅಂತಿದಾನೆ.' ಕಾಲು ಕೆಜಿ ತೂಗದ ತಲೆಯೊಳಗೆ ವಕೀಲಿ! ಈ ಒಗ್ಗರಣೆಯಲ್ಲಿ ಊರಿಗೇ ಎತ್ತಿದ ಕೈ ತಿಮ್ಮಾಜಮ್ಮ. ಅವರು ಕೂಸಿನ ಕಡೆ ತಿರುಗಿ ಕಣ್ಣು ಮುಚ್ಚಿ ತಲೆದೂಗಿದರೆ ಸಾಕು, ಕೂಸಿಗೆ ಏನು ಬೇಕೋ ಗೊತ್ತಿಲ್ಲ, ತಿಮ್ಮಾಜಮ್ಮನಿಗೆ ಏನು ಬೇಕೋ ಅದು ಹೊರಗೆ ಬರುತ್ತಿತ್ತು.

ನಾನು ಅವರ ಪಕ್ಕದ ಮನೆ. ಹಿಟ್ಟಿನ ಗಿರಣಿ ದುಂಡಮ್ಮ ಅಂದರೆ ಊರಿಗೆಲ್ಲ ಗೊತ್ತು. ಹೆಸರಿಗೆ ತಕ್ಕ ಹಾಗೆ ಇದೀನಿ, ಯಾರಪ್ಪನ ಮನೆ ಗಂಟು ತಿಂದು ಹೀಗಾಗಿದ್ದಲ್ಲ. ರಾಗಿ ಬೀಸಿಸೋಕೆ ಬಂದವರು ಸುದ್ದಿಯನ್ನೂ ತಂದು ಸುರೀತಾರೆ, ಹೀಗಾಗಿ ನಾನು ಹೇಳೋದರಲ್ಲಿ ಹೊಟ್ಟು ಕಡಿಮೆ.

ತಿಮ್ಮಾಜಮ್ಮನ ಮಗ ಚೆಲುವರಾಜನಿಗೆ ದೂರದೂರಿಂದ ಹೆಣ್ಣು ತಂದರು. ವಾರಿಜ ಅಂತ. ಅವಳೂರಲ್ಲಿ ಕೂಸುಗಳು ಸುಮ್ಮನಿರುತ್ತವಂತೆ, ಮನಸ್ಸಲ್ಲಿ ಇರೋದು ಯಾರಿಗೂ ಕೇಳಿಸಲ್ಲವಂತೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳು ಬಾಣಂತನ ಮುಗಿಸಿಕೊಂಡು, ಕೂಸು ಮಗುಚಿಕೊಳ್ಳೋ ಹೊತ್ತಿಗೆ ವಾಪಸ್ ಬಂದಳು. ಹೆಣ್ಣು ಕೂಸು, ಚಿನ್ನಿ ಅಂತ ಕರೀತಿದ್ದಳು. ಬಂದ ಮಾರನೇ ದಿನ ಜಗಲಿ ಮೇಲೆ ಕೂತಳು ನೋಡಿ, ಬೀದಿ ಕಡೆ ಬೆನ್ನು ಹಾಕಿ, ಕೂಸಿನ ಕಡೆ ಮುಖ ಮಾಡಿ. ಹೀಗೆ ಕೂರೋಳನ್ನ ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಅಂಗಳದಲ್ಲಿ ಒಂದು ಕೋಳಿ ಓಡಿಹೋಯಿತು. ಚಿನ್ನಿಯ ಮನಸ್ಸು 'ಬರ್ಲಿ' ಅಂತು. ನಾನು ಹಿಟ್ಟು ಜರಡಿ ಹಿಡೀತಿದ್ದೆ, ಸ್ಪಷ್ಟವಾಗಿ ಕೇಳಿಸಿತು. ವಾರಿಜ ಕೂಸಿನ ಮುಖ ನೋಡ್ತಾ, "ಕೋಳಿ ಹೋಗೇಬಿಡ್ತಲ್ಲೇ! ಮತ್ತೆ ಬರ್ಲಿ ಅಂತನಾ?" ಅಂದಳು. ನನ್ನ ಕೈಯಲ್ಲಿದ್ದ ಜರಡಿ ಅಲ್ಲೇ ನಿಂತಿತು.

"ಏನೇ ವಾರಿಜ, ನಿಂಗೆ ಕೇಳಿಸ್ತಾ?" ಅಂದೆ.

"ಏನು ಕೇಳೋದು ದುಂಡಮ್ಮಕ್ಕ?"

"ಮತ್ತೆ ಹೆಂಗೆ ಗೊತ್ತಾಯ್ತು?"

"ನೋಡಿದ್ರೆ ಗೊತ್ತಾಗಲ್ವಾ?" ಅಂದಳು, ನಾನೇ ಏನೋ ತಲೆಕೆಟ್ಟ ಪ್ರಶ್ನೆ ಕೇಳಿದ ಹಾಗೆ.

ಎಲ್ಲ ಸಲವೂ ಸರಿ ಹೇಳ್ತಿದ್ದಳು ಅಂತಲ್ಲ. ಒಂದಿನ ಚಿನ್ನಿ ಕೈಕಾಲು ಬಡೀತಾ ಕೊಸರಾಡ್ತಿತ್ತು. "ನಿದ್ದೆ ಬಂತಾ ಪುಟ್ಟಿ?" ಅಂದಳು. ಕೂಸಿನ ಮನಸ್ಸಲ್ಲಿ 'ಗುಂಡಿ' ಅಂತಿತ್ತು, ಇವಳ ರವಿಕೆ ಗುಂಡಿ. ಕೊಸರಾಟ ಇನ್ನೂ ಜಾಸ್ತಿಯಾಯಿತು. "ಅಲ್ವಾ? ತಪ್ಪು ಹೇಳ್ದೆ. ಮತ್ತಿನ್ನೇನು? ತಾಳು, ಎಲ್ಲಿ ನೋಡ್ತಿದೀಯ ನೀನು..." ಅಂತ ಕೂಸಿನ ಕಣ್ಣು ಹೋದ ಕಡೆ ತಾನೂ ನೋಡಿ, "ಓ, ಇದಾ! ಹಿಡ್ಕೋ" ಅಂತ ಗುಂಡಿ ಕೈಗೆ ಕೊಟ್ಟಳು. ನಮ್ಮೂರಲ್ಲಿ ತಪ್ಪು ಹೇಳಿದವರು ಬಹಳ ಜನ ಇದ್ದಾರೆ. ಕೂಸಿನ ಹತ್ತಿರ ತಪ್ಪಾಯ್ತು ಅಂದವರನ್ನ ನಾನು ಕಂಡಿದ್ದು ಅವತ್ತೇ.

ಮನೆಯಲ್ಲೇ ಇಷ್ಟು ದೊಡ್ಡ ಹೇಳಿಕೆಯವರು ಇರುವಾಗ ಸೊಸೆ ಹೀಗೆ ಮಾಡಿದರೆ ತಿಮ್ಮಾಜಮ್ಮ ಸುಮ್ಮನಿರ್ತಾರಾ? ಒಂದು ಬೆಳಿಗ್ಗೆ ನಾನು ಅವರ ರಾಗಿಹಿಟ್ಟು ಕೊಡೋಕೆ ಹೋಗಿದ್ದೆ. ತಿಮ್ಮಾಜಮ್ಮ ಕಣ್ಣು ಮುಚ್ಚಿ ತಲೆದೂಗಿ, "ಕೂಸು ಅಂತಿದೆ ಕಣೇ, ಅಮ್ಮನ ಕೈ ಒರಟು, ನಾನು ಅಜ್ಜಿ ಹತ್ರಾನೇ ಮಲಗ್ತೀನಿ ಅಂತ" ಅಂದರು. ವಾರಿಜ ಕೂಸನ್ನ ನೋಡಿದಳು, ಅತ್ತೆಯನ್ನ ನೋಡಿದಳು. "ಇಲ್ಲ ಅತ್ತೆ, ಅವಳು ನಿಮ್ಮ ಮೂಗುತಿ ನೋಡ್ತಿದಾಳೆ. ಬಿಸಿಲಿಗೆ ಹೊಳೀತಿದೆಯಲ್ಲ, ಅದಕ್ಕೆ" ಅಂದಳು. ಚಿನ್ನಿಯ ಮನಸ್ಸು ಆಗ 'ಹೊಳೀತಿದೆ, ಹೊಳೀತಿದೆ' ಅಂತ ಕುಣೀತಿತ್ತು. ನನಗೆ ನಗು ತಡೆಯೋಕಾಗಲಿಲ್ಲ, ಅರ್ಧ ಹಿಟ್ಟು ಹೊಸ್ತಿಲ ಮೇಲೆ ಚೆಲ್ಲಿತು. ತಿಮ್ಮಾಜಮ್ಮನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಅಲ್ಲಿಗೆ ಶುರುವಾಯಿತು. ಹೇಳೋಕೆ ಹೋದವರೆಲ್ಲ ಬರಿಗೈಲಿ ವಾಪಸ್. ಕಾಫಿ ಕೊಡ್ತಿದ್ದಳು, ಮರ್ಯಾದೆಗೇನೂ ಕಡಿಮೆ ಇಲ್ಲ, ಆದರೆ ಹೇಳಿದ್ದನ್ನ ಕೇಳ್ತಿರಲಿಲ್ಲ. ಹೊಟ್ಟೆಕಿಚ್ಚಿಗೆ ಔಷಧಿ ಇದೆಯಾ? ಚಿನ್ನಿ ಅಂಬೆಗಾಲಿಡೋ ಹೊತ್ತಿಗೆ ನಾಲ್ಕು ಹೆಂಗಸರು ಸೇರಿದ ಕಡೆಯಲ್ಲೆಲ್ಲ ಅದೇ ಮಾತು. ಎದುರು ಮನೆ ಜಯಶೀಲ, ಅವಳಿಗೂ ಚಿನ್ನಿ ವಾರಿಗೆಯ ಗಂಡು ಕೂಸು, ಗಿರಣಿಗೆ ಬಂದು ಕತ್ತು ಉಜ್ಜಿಕೊಳ್ತಾ ಕೇಳಿದಳು: "ಹೆತ್ತವಳಿಗೆ ಕೇಳಿಸಲ್ಲ ತಾನೆ? ಇವಳು ಹೆಂಗೆ ಸರಿಯಾಗಿ ಹೇಳ್ತಾಳೆ ದುಂಡಮ್ಮಕ್ಕ?"

"ನೋಡಿ ಹೇಳ್ತಾಳಂತೆ."

"ನೋಡಿದ್ರೆ ಗೊತ್ತಾಗೋ ಹಾಗಿದ್ರೆ ನಮಗ್ಯಾಕೆ ಗೊತ್ತಾಗಲ್ಲ?" ಅಂದಳು. ಆ ಮಾತು ಆಡುವಾಗಲೂ ಅವಳ ಕಣ್ಣು ನನ್ನ ಮೇಲಿತ್ತು, ಕೂಸು ಕಂಕುಳಲ್ಲಿ ಕೊಡದ ಹಾಗೆ ಜೋತಾಡ್ತಿತ್ತು.

ಈ ಪ್ರಶ್ನೆಗೆ ತಿಮ್ಮಾಜಮ್ಮ ಉತ್ತರ ಹುಡುಕಿಬಿಟ್ಟರು. ಹೆತ್ತವಳಿಗೆ ಕೇಳಿಸಲ್ಲ. ಇವಳು ಸರಿಯಾಗಿ ಹೇಳ್ತಾಳೆ. ಅಂದರೆ ಇವಳಿಗೆ ಕೇಳಿಸುತ್ತೆ. ಅಂದಮೇಲೆ ಇವಳು ಹೆತ್ತವಳಲ್ಲ! ಹೆರಿಗೆ ಆಗಿದ್ದು ತವರಲ್ಲಿ, ನಮ್ಮೂರವರು ಯಾರು ಕಣ್ಣಲ್ಲಿ ನೋಡಿದ್ದಾರೆ? ಯಾವಳೋ ಹೆತ್ತ ಕೂಸನ್ನ ತಂದು ನಮ್ಮ ವಂಶಕ್ಕೆ ಗಂಟು ಹಾಕಿದಾಳೆ. ಕೂಸಿಗೆ ಚೆಲುವರಾಜನ ಮೂಗು, ಚೆಲುವರಾಜನ ಗಲ್ಲ, ಮಲಗಿದರೆ ಚೆಲುವರಾಜನದೇ ಗೊರಕೆ. ಅದೆಲ್ಲ ಲೆಕ್ಕಕ್ಕಿಲ್ಲ. ಊರಿಗೆ ಊರೇ ಹೌದಲ್ಲ, ಹೌದಲ್ಲ ಅಂತು. ಅಷ್ಟು ಜನ ಒಟ್ಟಿಗೆ ಬುದ್ಧಿವಂತರಾಗಿದ್ದನ್ನ ನಾನು ಅದೇ ಮೊದಲು ನೋಡಿದ್ದು.

ಊರ ಯಜಮಾನ ಗುರುಬಸಪ್ಪ ಛತ್ರದಲ್ಲಿ ಸಭೆ ಕರೆದರು. ಅವರಿಗೆ ತೀರ್ಪು ಕೊಡೋದು ಅಂದರೆ ಒಬ್ಬಟ್ಟಿನ ಊಟದಷ್ಟು ಇಷ್ಟ. ಮೀಸೆ ತೀಡಿಕೊಂಡು, "ಎಲ್ಲರೆದುರು ಮೂರು ಸಲ ಕೇಳ್ತೀವಿ, ಕೂಸು ಏನಂತಿದೆ ಅಂತ. ಮೂರೂ ಸಲ ತಪ್ಪು ಹೇಳಿದ್ರೆ ಅವಳೇ ತಾಯಿ. ಒಂದು ಸಲ ಸರಿ ಹೇಳಿದ್ರೂ ಅವಳು ತಾಯಿ ಅಲ್ಲ, ಕೂಸು ತಿಮ್ಮಾಜಮ್ಮನ ವಶ, ಅವಳು ತವರಿಗೆ" ಅಂತ ಸಾರಿದರು. ಎಂಥಾ ನ್ಯಾಯ! ಯಾರೂ ನಗಲಿಲ್ಲ. ಜಯಶೀಲ ಮಾತ್ರ ಹೆಮ್ಮೆಯಿಂದ, "ನಾನಾಗಿದ್ರೆ ಮೂರಲ್ಲ, ಮೂವತ್ತು ತಪ್ಪು ಹೇಳ್ತಿದ್ದೆ" ಅಂದಳು. ಸುತ್ತ ಇದ್ದ ತಾಯಂದಿರೆಲ್ಲ ನಾವೂ, ನಾವೂ ಅಂದರು.

ನಾನು ವಾರಿಜಳನ್ನ ಛತ್ರದ ಹಿತ್ತಲಿಗೆ ಎಳೆದುಕೊಂಡು ಹೋದೆ. "ನೋಡೇ, ನಿನ್ನ ಗಂಡನ್ನ ನಂಬ್ಕೋಬೇಡ" ಅಂದೆ. ಚೆಲುವರಾಜ ಒಳಗೆ ಕೂತು ಛತ್ರದ ಫ್ಯಾನು ತಿರುಗೋದನ್ನೇ ನೋಡ್ತಿದ್ದ. "ಒಳಗೆ ಹೋಗಿ ಮೂರು ಸುಳ್ಳು ಹೇಳಿ ಬಂದುಬಿಡು. ಅತ್ತರೆ ನಗ್ತಿದೆ ಅನ್ನು, ನಕ್ಕರೆ ಹಸಿವು ಅನ್ನು. ಊರಲ್ಲಿರೋರೆಲ್ಲ ಮಾಡೋದು ಅದನ್ನೇ, ನೀನೇನು ಸೀಮೆಗಿಲ್ಲದೋಳಾ?"

"ಚಿನ್ನಿ ಎದುರಿಗೇ ಸುಳ್ಳು ಹೇಳಬೇಕಲ್ಲ ಅಕ್ಕ" ಅಂದಳು.

"ಕೂಸಿಗೇನು ಗೊತ್ತಾಗುತ್ತೆ?" ಅಂದೆ. ನಮ್ಮೂರ ಹೆಂಗಸು ಆಡೋ ಮಾತೇ ಅದು. ಅವಳು ನನ್ನನ್ನ ಒಂಥರಾ ನೋಡಿ, ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ಛತ್ರ ತುಂಬಿ ಹೋಗಿತ್ತು. ನಡುವೆ ಚಾಪೆ, ಚಾಪೆ ಮೇಲೆ ವಾರಿಜ, ತೊಡೆ ಮೇಲೆ ಚಿನ್ನಿ. ಅಷ್ಟೊಂದು ಮುಖ ನೋಡಿ ಚಿನ್ನಿಯ ಮನಸ್ಸು 'ಬೇಡ, ಬೇಡ' ಅಂತಿತ್ತು. ಯಜಮಾನರು, "ಏನಂತಿದೆಯಮ್ಮ ಕೂಸು?" ಅಂದರು. ವಾರಿಜ ಕೂಸಿನ ಮುಖ ನೋಡಿದಳು. ಅವಳಿಗೆ ಗೊತ್ತಾಗಿತ್ತು, ನನಗೆ ಅದು ಗೊತ್ತಾಯಿತು. ಕಣ್ಣು ಬೇರೆ ಕಡೆ ತಿರುಗಿಸಿ, "ಖುಷಿಯಾಗಿದೆ. ಜನ ಕಂಡ್ರೆ ಇಷ್ಟ ಅದಕ್ಕೆ" ಅಂದಳು. ಸಭೆಯವರೆಲ್ಲ ಉಸ್ ಅಂತ ಉಸಿರು ಬಿಟ್ಟರು. ಯಾರೋ, "ತಾಯೇ ಇರಬೇಕು ಬಿಡಿ" ಅಂದರು. ತಿಮ್ಮಾಜಮ್ಮ ಮೂಗು ಮುರಿದರು.

ಚಿನ್ನಿ ಅಳೋಕೆ ಶುರು ಮಾಡಿತು, ಅವಳ ಕುತ್ತಿಗೆಗೆ ಮುಖ ಒತ್ತಿಕೊಂಡಿತು. 'ಎತ್ಕೋ, ಹೊರಗೆ.' ಎರಡನೇ ಸಲ ಕೇಳಿದರು. ವಾರಿಜ ಕೂಸನ್ನ ಕುತ್ತಿಗೆಯಿಂದ ಬಿಡಿಸಿ, ಚಾಪೆ ಮೇಲೆ ಕೂರಿಸಿ, ಕೈಗೆ ಗಿಲಕಿ ತುರುಕಿ, "ಗಿಲಕಿ ಬೇಕು ಅಂತಿದೆ" ಅಂದಳು. ಜನ ಚಪ್ಪಾಳೆ ತಟ್ಟಿದರು. ಜಯಶೀಲ ಪಕ್ಕದವಳಿಗೆ, "ಪಾಪ ಕಣೇ, ನಮ್ಮ ಥರಾನೇ ಅವಳೂ" ಅಂದಳು. ಇನ್ನೊಂದು ತಪ್ಪು ಹೇಳಿದರೆ ಕೂಸು ಅವಳದೇ. ನಾನು ಮನೆದೇವರಿಗೆ ತೆಂಗಿನಕಾಯಿ ಹರಸಿಕೊಂಡೆ.

ಆಗ ಚಿನ್ನಿ ಅಳು ನಿಲ್ಲಿಸಿತು. ಗಿಲಕಿ ಕೈಯಿಂದ ಬಿತ್ತು. ಕತ್ತೆತ್ತಿ ವಾರಿಜಳ ಮುಖ ನೋಡಿತು. ಆ ಕಣ್ಣು, ಈ ಕಣ್ಣು, ಬಾಯಿ, ಹಣೆ, ಎಲ್ಲ ಹುಡುಕಿ ಹುಡುಕಿ ನೋಡಿತು. ಎದುರಿಗೇ, ಒಂದು ಗೇಣು ದೂರದಲ್ಲಿ ಇದ್ದಾಳೆ ತಾಯಿ. ಆ ಮುಖವನ್ನೇ ನೋಡ್ತಾ ಕೂಸಿನ ಮನಸ್ಸು ಕೇಳಿತು: 'ಅಮ್ಮ ಎಲ್ಲಿ?'

ಛತ್ರದಲ್ಲಿ ಎಲ್ಲರಿಗೂ ಕೇಳಿಸಿತು. ಯಜಮಾನರ ಕೈ ಮೀಸೆಯಿಂದ ಕೆಳಗಿಳಿಯಿತು. ಕೇಳಿಸದೇ ಇದ್ದವಳು ಒಬ್ಬಳೇ. ಯಜಮಾನರು, "ಕಡೇದು. ಈಗ ಏನಂತಿದೆ?" ಅಂದರು. ನಾನು ಕಣ್ಣಲ್ಲೇ, ಹಸಿವು ಅನ್ನೇ, ನಿದ್ದೆ ಅನ್ನೇ, ಏನಾದರೂ ಅನ್ನೇ ಮಾರಾಯ್ತಿ ಅಂತ ಗೋಗರೆದೆ. ವಾರಿಜ ಬಾಯಿ ತೆರೆದಳು. ಕೂಸಿನ ಮುಖ ನೋಡಿದಳು. ಆಮೇಲೆ ಅವಳಿಗೆ ಯಜಮಾನರೂ ಇಲ್ಲ, ಸಭೆಯೂ ಇಲ್ಲ. ಎರಡೂ ಕೈಯಿಂದ ಬಾಚಿ ಎತ್ತಿಕೊಂಡು, "ಇಲ್ಲೇ ಇದೀನಿ ಕಣೇ ಬಂಗಾರ. ಅಮ್ಮ ಎಲ್ಲಿ ಹೋದ್ಲು ಅಂತನಾ? ಎಲ್ಲೂ ಹೋಗಿಲ್ಲ. ಸುಳ್ಳು ಹೇಳ್ತಿದ್ದೆ, ತಪ್ಪಾಯ್ತು, ಇಲ್ಲೇ ಇದೀನಿ" ಅಂದಳು.

ಸರಿಯಾಗಿ ಹೇಳಿಬಿಟ್ಟಳು. ಸೋತಳು.

ನಿಯಮ ಅಂದರೆ ನಿಯಮ. ಯಜಮಾನರು ಯಾರ ಮುಖವನ್ನೂ ನೋಡದೆ, ಇವಳು ತಾಯಿ ಅಲ್ಲ ಅಂತ ತೀರ್ಪು ಕೊಟ್ಟರು. ಕೂಸೇ ಅವಳನ್ನ ಅಮ್ಮ ಅಂದಿದ್ದು ಎಲ್ಲರ ಕಿವಿಗೂ ಬಿದ್ದಿತ್ತು, ಆದರೆ ಕೂಸಿಗೇನು ತಿಳಿಯುತ್ತೆ ಕಾನೂನು? ತಿಮ್ಮಾಜಮ್ಮ ಕೂಸನ್ನ ಕಿತ್ತುಕೊಂಡು ಮನೆಗೆ ನಡೆದರು. ಚೆಲುವರಾಜ ಹೆಂಡತಿ ಹತ್ತಿರ ಬಂದು, "ಬಸ್ಸು ಎಷ್ಟೊತ್ತಿಗಿದೆ ವಿಚಾರಿಸ್ಲಾ?" ಅಂದ. ಅವನ ಕೆನ್ನೆಗೆ ಎರಡು ಬಿಡೋಣ ಅನ್ನಿಸಿತು ನನಗೆ. ವಾರಿಜ ಯಾವ ಬಸ್ಸಿಗೂ ಏಳಲಿಲ್ಲ, ಛತ್ರದ ಮೆಟ್ಟಿಲ ಮೇಲೆ ಕೂತಳು. ಅವಳ ಪಕ್ಕ ನಾನು ಕೂತೆ.

'ಅಮ್ಮ ಎಲ್ಲಿ?' ತಿಮ್ಮಾಜಮ್ಮನ ಮನೆಯಿಂದ ಬಂತು. ಕೂಸುಗಳ ಮನಸ್ಸು ಮಾಮೂಲಿಗೆ ನಾಲ್ಕು ಮನೆ ದಾಟಲ್ಲ. ಇದು ಬೀದಿ ದಾಟಿತು, ಪೇಟೆ ದಾಟಿತು. 'ಅಮ್ಮ ಎಲ್ಲಿ? ಅಮ್ಮ ಎಲ್ಲಿ?' ಕ್ಷೌರದ ಅಂಗಡಿಯಲ್ಲಿ ಗಿರಾಕಿ ಅರ್ಧ ಗಡ್ಡದಲ್ಲೇ ಎದ್ದು ಓಡಿದ. ಹೋಟೆಲಿನಲ್ಲಿ ವಡೆಯೆಲ್ಲ ಕರಿಕಲಾಯಿತು. ಯಜಮಾನರು ಕಿವಿಗೆ ಹತ್ತಿ ತುರುಕಿಕೊಂಡರು, ಹತ್ತಿಗೆ ನಿಲ್ಲೋ ಸದ್ದಾ ಅದು? ತಿಮ್ಮಾಜಮ್ಮ ಬೆಲ್ಲ ನೆಕ್ಕಿಸಿದರಂತೆ, ಮೂಗುತಿ ಬಿಚ್ಚಿ ಕೈಗೆ ಕೊಟ್ಟರಂತೆ, ಕಣ್ಣು ಮುಚ್ಚಿ ತಲೆದೂಗಿ, ಕೂಸು ಬೆಲ್ಲ ಬೇಕು ಅಂತಿದೆ ಅಂತ ನೆಂಟರಿಗೆ ಹೇಳಿದರಂತೆ. ಊರಿಗೆಲ್ಲ ಕೇಳಿಸ್ತಿರೋದಕ್ಕೆ ಒಗ್ಗರಣೆ ಹಾಕಿದರೆ ಯಾರು ಉಣ್ತಾರೆ?

ಹೊತ್ತು ಇಳಿಯೋದರೊಳಗೆ ಊರೇ ಯಜಮಾನರ ಬಾಗಿಲಿಗೆ ಹೋಯಿತು. ನ್ಯಾಯ ಗೆದ್ದಿತು ಅಂತ ದಯವಿಟ್ಟು ತಿಳಿಯಬೇಡಿ, ಊರಿಗೆ ತಲೆನೋವು ಬಂದಿತ್ತು, ಅಷ್ಟೇ. ಯಜಮಾನರು ಹತ್ತಿ ಸಮೇತ ಛತ್ರದ ಮೆಟ್ಟಿಲಿಗೆ ಬಂದು, "ಮೂರನೇದು ಕಾಕತಾಳೀಯ ಅಂತ ಸಭೆ ತೀರ್ಮಾನ ಮಾಡಿದೆ. ಏನೋ ಬಾಯಿಗೆ ಬಂದಿದ್ದು ಅಂದುಬಿಟ್ಟೆ ನೀನು, ತಾನಾಗೇ ಸರಿಯಾಗಿಬಿಡ್ತು. ಅದು ಲೆಕ್ಕಕ್ಕಿಲ್ಲ" ಅಂದರು. ಅವರ ಹಿಂದೆ ತಿಮ್ಮಾಜಮ್ಮ, ತಲೆ ಕೆದರಿ, ಸೆರಗೆಲ್ಲ ಬೆಲ್ಲ ಮೆತ್ತಿಕೊಂಡು, ಬೆಳಿಗ್ಗೆಗಿಂತ ಹತ್ತು ವರ್ಷ ಮುದುಕಿಯಾಗಿ ನಿಂತಿದ್ದರು. "ನನ್ನ ಕೈಲಾಗಲ್ಲ ಕಣೇ, ತಗೋ" ಅಂದರು.

ವಾರಿಜ ಕೂಸನ್ನ ಎತ್ತಿಕೊಂಡಳು. ಚಿನ್ನಿ ನಗಲಿಲ್ಲ, ಮುಷ್ಟಿಯಿಂದ ಅವಳ ಎದೆಗೆ ಗುದ್ದಿತು. "ಸಿಟ್ಟು ಬಂತಾ? ಬಿಟ್ಟುಬಿಟ್ಲು ಅಂತನಾ? ಬರ್ಲಿ, ಬರಬೇಕು ಸಿಟ್ಟು, ಹೊಡಿ" ಅಂದಳು, ಕಣ್ಣಲ್ಲಿ ನೀರು ಸುರೀತಿತ್ತು. ಇನ್ನೊಂದೆರಡು ಗುದ್ದು ಬಿತ್ತು. ಆಮೇಲೆ 'ಬಂದ್ಲು' ಅಂತು ಕೂಸಿನ ಮನಸ್ಸು, ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ತೊಡೆಯಿಂದ ಇಳಿದು ಒಂದು ಇರುವೆ ಹಿಂದೆ ಅಂಬೆಗಾಲಿಟ್ಟುಕೊಂಡು ಹೊರಟಿತು, ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ.

ಊರು ತಣ್ಣಗಾಯಿತು. ಆ ಗದ್ದಲ ನಿಂತ ಮೇಲೆಯೇ ನನಗೆ ಉಳಿದದ್ದು ಕೇಳಿಸಿದ್ದು. ಎದುರು ಸಾಲಿನ ಮನೆಯಿಂದ, ಬಾವಿ ಹತ್ತಿರದ ಮನೆಯಿಂದ, ಛತ್ರದ ಹಿಂದಿನಿಂದ, ಸಣ್ಣಗೆ, ಎಲ್ಲ ಕಡೆಯಿಂದ: 'ಅಮ್ಮ ಎಲ್ಲಿ, ಅಮ್ಮ ಎಲ್ಲಿ.' ಹುಟ್ಟಿದಾಗಿನಿಂದ ಕೇಳ್ತಾನೇ ಇದ್ದೆ ಅದನ್ನ. ಗಡಿಯಾರದ ಸದ್ದು ಕೇಳುತ್ತಾ ಮನೆಯವರಿಗೆ? ಕೂಸು ಅಂದರೆ ಹಾಗನ್ನೋದೇ ಅಂತ ಬಿಟ್ಟುಬಿಟ್ಟಿದ್ದೆವು. ತಾಯಿಯ ತೊಡೆ ಮೇಲೆ ಇರೋ ಕೂಸು ಹಾಗಂದರೆ ಅದನ್ನ ಹೋಗಿ ಏನಂತ ಹೇಳೋದು, ಯಾವ ಕೋಡುಬಳೆ ಆಸೆಗೆ ಹೇಳೋದು?

ತಿಮ್ಮಾಜಮ್ಮ ಇನ್ನೂ ಅಲ್ಲೇ ನಿಂತಿದ್ದರು. ನನಗೂ ಒಬ್ಬ ಮಗ. ಬೆಳೆದು ನಿಂತಿದ್ದಾನೆ, ಒಂದೇ ಸೂರಿನಡಿ ಇದ್ದೀವಿ, ಊಟ ಆಯ್ತಾ ಅಂದರೆ ಆಯ್ತು ಅಂತಾನೆ, ಅದರಾಚೆಗೆ ನಮ್ಮಿಬ್ಬರ ನಡುವೆ ಮಾತಿಲ್ಲ. ಅವನು ಕೈಗೂಸಾಗಿದ್ದಾಗ ನಮ್ಮ ಮನೆಗೆ ಹೇಳಿಕೆಗೆ ಬರ್ತಿದ್ದವರು ಈ ತಿಮ್ಮಾಜಮ್ಮನೇ.

"ಗಿರಣಿ ದೊಡ್ಡದು ಮಾಡು ಅಂತಿದಾನೆ, ಬೆಳ್ಳಿ ಉಡಿದಾರ ಹಾಕ್ಸು ಅಂತಿದಾನೆ ಅಂತೆಲ್ಲ ಹೇಳ್ತಿದ್ರಿ" ಅಂದೆ. "ನಿಜವಾಗ್ಲೂ ಏನಂತಿದ್ದ ನನ್ನ ಮಗ?"

ಅವರು ಬೆಲ್ಲದ ಸೆರಗು ಕೊಡವಿಕೊಂಡರು. "ಬಿಡೇ ದುಂಡಿ. ಎಲ್ಲ ಕೂಸೂ ಅನ್ನೋದೇ."

ಎದ್ದು ಬಿರಬಿರನೆ ಮನೆ ಕಡೆ ನಡೆದೆ. ಎದುರು ಜಗಲಿ ಮೇಲೆ ಜಯಶೀಲ ಕೂತಿದ್ದಳು, ತೊಡೆ ಮೇಲೆ ಕೂಸು, ಕತ್ತು ಬೀದಿ ಕಡೆ. ನನ್ನ ಕಂಡದ್ದೇ ಮುಖ ಅರಳಿಸಿ, "ಬನ್ನಿ ಅಕ್ಕ, ಬನ್ನಿ. ಆವಾಗಿಂದ ರಚ್ಚೆ ಹಿಡಿದಿದಾನೆ, ಯಾರೂ ಬರಲಿಲ್ಲ ನೋಡಿ. ಏನಂತಿದಾನೆ ಹೇಳಿ" ಅಂದಳು.

"ನನ್ನ ಮೂತಿ ಏನು ನೋಡ್ತೀಯೇ, ಅವನ ಮುಖ ನೋಡೇ!" ಅಂತ ಕಿರುಚಿದೆ. ಬೀದಿಯವರೆಲ್ಲ ತಿರುಗಿ ನೋಡಿದರು.

ಬೆಚ್ಚಿಬಿದ್ದ ಜಯಶೀಲ ಕೂಸಿನ ಕಡೆ ತಿರುಗಿದಳು. ಹಿಡಿದುಕೊಂಡ ಕತ್ತು, ತಿರುಗಿಸೋಕೆ ಅವಳಿಗೆ ನೋವಾಯಿತು ಅಂತ ಕಾಣುತ್ತೆ. "ಹಸಿವಾ?" ಅಂದಳು, ಹೆದರಿ ಹೆದರಿ. ಸುಮ್ಮನೆ ನೋಡಿ ಮತ್ತೆ, "ನಿದ್ದೆನಾ?" ಅಂದಳು. ಎರಡೂ ತಪ್ಪು. ಕೂಸು ಅವಳನ್ನೇ ನೋಡ್ತಾ ಅಳು ನಿಲ್ಲಿಸಿತು, 'ಅಮ್ಮ ಎಲ್ಲಿ' ಅನ್ನೋದೂ ನಿಂತಿತು.